ಆಟ ತೆರೆದರೆ ಪರದೆ ಕಪ್ಪಾಗುವುದೇಕೆ?

ಸೋಂದೆಯ ಮನೆಯೊಂದರಲ್ಲಿ ಬೇಸಿಗೆ ರಜೆ ಎಂದಿಟ್ಟುಕೊಳ್ಳಿ. ಮಕ್ಕಳು ಹಳೆಯ ಸಿ.ಡಿ.ಯಲ್ಲಿದ್ದ ಆಟವೊಂದನ್ನು ಕಂಪ್ಯೂಟರಿಗೆ ಹಾಕಿದ್ದಾರೆ. ಆಟ ಆರಂಭಿಸಿದೊಡನೆ ಪರದೆ ಕಪ್ಪಾಗುತ್ತದೆ. ಸ್ಪೀಕರಿನಲ್ಲಿ ಸಂಗೀತ ಮಾತ್ರ ಕೇಳುತ್ತದೆ. ಮಾನಿಟರ್ ಕೆಟ್ಟಿತೆಂದು ಅದನ್ನು ಸಿರಸಿಗೆ ಹೊತ್ತೊಯ್ಯುವ ಮೊದಲು ಆಟವನ್ನು ಮುಚ್ಚಿ ನೋಡಿ. ಪರದೆ ಮೊದಲಿನಂತಾದರೆ ಮಾನಿಟರ್ ಕೆಟ್ಟಿರುವ ಸಂಭವ ಕಡಿಮೆ. ಆಟ ಕೇಳಿದ್ದಕ್ಕೂ ಪರದೆ ಕೊಡಬಲ್ಲುದಕ್ಕೂ ಹೊಂದಾಣಿಕೆ ತಪ್ಪಿರಬೇಕು. ಈ ಹೊಂದಾಣಿಕೆಯ ಚರಿತ್ರೆ ತಿಳಿದರೆ ದೋಷವನ್ನು ಹುಡುಕುವುದು ಸುಲಭ.

ಮೊದಲ ಆಟಗಳಿಗೆ ಈ ತೊಂದರೆ ಇರಲಿಲ್ಲ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್, ಸಂದರ್ಶಕರ ವಿನೋದಕ್ಕಾಗಿ ಆಸಿಲೋಸ್ಕೋಪಿನ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ಸಿದ್ಧಪಡಿಸಿದರು. ಆಟ, ಯಂತ್ರ, ಪರದೆ ಮೂರನ್ನೂ ಒಂದೇ ಕಡೆ ಒಂದಕ್ಕೊಂದು ಹೊಂದಿಸಿಯೇ ಜೋಡಿಸಲಾಗಿತ್ತು.

1981ರಲ್ಲಿ ಐ.ಬಿ.ಎಂ. ಪಿ.ಸಿ. ಬಂದ ಮೇಲೆ ಚಿತ್ರ ರೂಪಿಸುವ ಕಾರ್ಡ್ ಬೇರೆ, ಮಾನಿಟರ್ ಬೇರೆ, ಆಟ ಬರೆಯುವವರು ಬೇರೆ ಆದರು. 1987ರಲ್ಲಿ ಬಂದ ವಿ.ಜಿ.ಎ. ಕ್ರಮದಲ್ಲಿ ಅಡ್ಡ 320, ಉದ್ದ 200 ಚುಕ್ಕಿಗಳ, 256 ಬಣ್ಣಗಳ ಚಿತ್ರ ಆಟಗಾರರಿಗೆ ಬಲು ಪ್ರಿಯವಾಯಿತು. ಚುಕ್ಕಿಗೊಂದು ಬೈಟ್‌ನಂತೆ 64,000 ಬೈಟ್‌ಗಳು ಸಾಕು. 65,536 ಬೈಟ್‌ಗಳ ಒಂದು ಸ್ಮೃತಿಖಂಡದಲ್ಲಿ ಇಡೀ ಚಿತ್ರ ಅಡಗುತ್ತಿತ್ತು.

ಆಗಿನ ಮಾನಿಟರಿನಲ್ಲಿ ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ ಸುಮಾರು 31,500 ಗೆರೆಗಳನ್ನು ಎಳೆದು, ಈ ಚಿತ್ರವನ್ನು ಸುಮಾರು 70 ಬಾರಿ ಹೊಸದಾಗಿ ಬರೆಯುತ್ತಿತ್ತು. ಮಾನಿಟರ್ ತಾಳಲಾರದ ಆವೃತ್ತಿಯ ಸಂಕೇತ ಬಂದರೆ ಚಿತ್ರ ಉರುಳುತ್ತಿತ್ತು ಇಲ್ಲವೆ ಮಾಯವಾಗುತ್ತಿತ್ತು. ಮುಂದೆ ಮಾನಿಟರುಗಳು ‘ಔಟ್ ಆಫ್ ರೇಂಜ್’ ಎಂದು ಪರದೆಯ ಮೇಲೇ ತಿಳಿಸತೊಡಗಿದವು. ತನ್ನ ಸಾಮರ್ಥ್ಯವನ್ನು ಮಾನಿಟರ್ ತಾನೇ 128 ಬೈಟ್‌ಗಳಲ್ಲಿ ಕಂಪ್ಯೂಟರಿಗೆ ಹೇಳುವ ಕ್ರಮ 1994ರಲ್ಲಿ ರೂಪುಗೊಂಡಿತು.

ಅದೇ ವರ್ಷದ ಕ್ರಿಸ್‌ಮಸ್‌ಗೆ ಡಿಸ್ನಿ ಸಂಸ್ಥೆಯ ‘ಲಯನ್ ಕಿಂಗ್’ ಸಿ.ಡಿ. ಅಮೆರಿಕದ ಮನೆಮನೆಗಳನ್ನು ತಲಪಿತು. ವಿಂಡೋಸ್‌ನಲ್ಲಿ ವೇಗವಾಗಿ ಚಿತ್ರ ಬರೆಯಲು ಅದು ಮೈಕ್ರೋಸಾಫ್ಟ್‌ನ ‘ವಿನ್‌ಜಿ’ ತಂತ್ರಾಂಶವನ್ನು ನೆಚ್ಚಿತ್ತು. ಕಾಂಪ್ಯಾಕ್‌ನ ಹೊಸ ಕಂಪ್ಯೂಟರುಗಳಲ್ಲಿದ್ದ ಚಿತ್ರಚಾಲಕ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಅದರೊಡನೆ ಪರೀಕ್ಷಿಸಿರಲಿಲ್ಲ. ಮಕ್ಕಳು ಆಟ ತೆರೆದಾಗ ಕಂಪ್ಯೂಟರ್ ಕುಸಿಯಿತು. ಯಂತ್ರವೂ ಸರಿ, ಸಿ.ಡಿ.ಯೂ ಸರಿ, ತೊಡಕಿದ್ದುದು ನಡುವಿನ ಡ್ರೈವರಿನಲ್ಲಿ! ಈ ಕಹಿ ಅನುಭವವೂ ಸೇರಿ 1995ರಲ್ಲಿ ಡೈರೆಕ್ಟ್‌ಎಕ್ಸ್ ಹುಟ್ಟಿತು. ಆಟಕ್ಕೂ ಕಾರ್ಡಿಗೂ ನಡುವೆ ಎಲ್ಲರೂ ಪಾಲಿಸಬಹುದಾದ ಒಂದು ಸಾಮಾನ್ಯ ಕ್ರಮ ಅದು.

ಈಗ ನಿಮ್ಮ ಪರದೆಗೆ ಬನ್ನಿ. ಸಂಗೀತವಿದ್ದು ಚಿತ್ರವಿಲ್ಲದಿದ್ದರೆ, ಅಥವಾ ‘ಔಟ್ ಆಫ್ ರೇಂಜ್’ ಎಂದು ಬಂದರೆ, ಆಟ ಕೇಳುತ್ತಿರುವ ಚುಕ್ಕಿಗಳ ಸಂಖ್ಯೆ ಅಥವಾ ಆವೃತ್ತಿ ಪರದೆಗೆ ಒಗ್ಗಿಲ್ಲ. ಆಟವನ್ನು ಪೂರ್ತಿ ಪರದೆಯ ಬದಲು ಕಿಟಕಿಯಲ್ಲಿ ನಡೆಸಿ. ಚುಕ್ಕಿಗಳ ಸಂಖ್ಯೆಯನ್ನು ಇಳಿಸಿ ನೋಡಿ. ಆಟ ತೆರೆದೊಡನೆ ಮುಚ್ಚಿಕೊಂಡರೆ ಡ್ರೈವರನ್ನು ಹೊಸದಾಗಿ ಹಾಕಿ. ವೃತ್ತ ಮೊಟ್ಟೆಯಂತೆ ಅಡ್ಡಕ್ಕೆ ಹಿಗ್ಗಿದರೆ ಕಾರಣ ಪರದೆಯ ಆಕಾರ: 4:3ರ ಚಿತ್ರವನ್ನು 16:9ರ ಪರದೆಗೆ ಎಳೆದಾಗ ಅಗಲ ಮೂರನೇ ಒಂದರಷ್ಟು ಹೆಚ್ಚುತ್ತದೆ. ಮೂಲ ಅನುಪಾತವನ್ನು ಉಳಿಸುವ ಆಯ್ಕೆಯಿಂದ ಇದು ಸರಿಹೋಗುತ್ತದೆ. 64-ಬಿಟ್ ವಿಂಡೋಸ್ 16-ಬಿಟ್ ಆಟಗಳನ್ನು ನಡೆಸುವುದಿಲ್ಲ. ಡಾಸ್ ಕಾಲದ ಆಟಗಳಿಗೆ 2002ರಲ್ಲಿ ಬಂದ, ಉಚಿತವಾಗಿ ಸಿಗುವ ಡಾಸ್‌ಬಾಕ್ಸ್ ಇದೆ.

ಪ್ರಯೋಗಶಾಲೆಯ ನಿಯಮ ಇಲ್ಲಿಯೂ ಸಲ್ಲುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶವನ್ನು ಬರೆದಿಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಪರದೆ ಬೆಳಗಿದರೂ ಕಾರಣ ಮಾತ್ರ ಕತ್ತಲಲ್ಲೇ ಉಳಿಯುತ್ತದೆ.