ಪರದೆಯ ಮೇಲಿನ ಅಕ್ಷರದ ಅಳತೆ

1984ರ ಮೆಕಿಂಟಾಷ್ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್‌ಗಳಿದ್ದವು. ಮುದ್ರಣದ ಪಾಯಿಂಟ್ ಕೂಡ ಇಂಚಿನ 72ನೇ ಒಂದು ಭಾಗ. ಹಾಗಾಗಿ ಪರದೆಯಲ್ಲಿ ಕಂಡ ಅಕ್ಷರ ಕಾಗದದ ಮೇಲೂ ಅಷ್ಟೇ ದೊಡ್ಡದಾಗಿ ಮೂಡುತ್ತಿತ್ತು. ವಿಂಡೋಸ್ ಇಂಚಿಗೆ 96 ಎಂದು ಹಿಡಿಯಿತು. ಪರದೆಯನ್ನು ಪುಸ್ತಕಕ್ಕಿಂತ ದೂರದಿಂದ ಓದುವುದರಿಂದ ಅಕ್ಷರ ಮೂರನೇ ಒಂದು ಪಾಲು ದೊಡ್ಡದಿರಲಿ ಎಂಬುದು ಲೆಕ್ಕಾಚಾರ. ಎಷ್ಟೋ ತಂತ್ರಾಂಶಗಳು ಈ 96 ಎಂದೂ ಬದಲಾಗದೆಂದು ನಂಬಿದವು. ಮುಂದಿನ ತೊಂದರೆಗಳ ಬೇರು ಇದೇ.

2001ರಲ್ಲಿ ಐಬಿಎಂ ತಂದ ಟಿ220 ಮಾನಿಟರ್ ಸುಮಾರು 22 ಇಂಚಿನಲ್ಲಿ 3840×2400 ಪಿಕ್ಸೆಲ್‌ಗಳನ್ನು ಹಿಡಿಸಿತ್ತು. ಚಿತ್ರಗಳು ಅದ್ಭುತವಾಗಿ ಕಂಡವು, 96ನ್ನೇ ನಂಬಿದ್ದ ತಂತ್ರಾಂಶಗಳ ಮೆನುಗಳು ಮಾತ್ರ ಇರುವೆ ಸಾಲಿನಂತಾದವು. ಕನ್ನಡಕ್ಕೆ ಸಣ್ಣ ಅಳತೆ ಇನ್ನೂ ಕಷ್ಟ: ‘ಷ್ಟ್ರ’ದ ಎರಡೆರಡು ಒತ್ತುಗಳು ಕೆಲವೇ ಪಿಕ್ಸೆಲ್‌ಗಳಲ್ಲಿ ಕಲಸಿಹೋಗುತ್ತವೆ.

2007ರ ವಿಂಡೋಸ್ ವಿಸ್ಟಾ ಹಳೆಯ ತಂತ್ರಾಂಶವನ್ನು 96ರಲ್ಲೇ ಬಿಡಿಸಿ, ಆ ಚಿತ್ರವನ್ನು ಹಿಗ್ಗಿಸಿತು. ಗಾತ್ರ ಸರಿಹೋಯಿತು, ಅಕ್ಷರ ಮಸುಕಾಯಿತು. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ಆಪಲ್ ಅಗಲ, ಎತ್ತರ ಎರಡರಲ್ಲೂ ಪಿಕ್ಸೆಲ್‌ಗಳನ್ನು ಇಮ್ಮಡಿಸಿತು. ಒಂದು ಪಿಕ್ಸೆಲ್ಲಿನ ಜಾಗಕ್ಕೆ ನಾಲ್ಕು, ಭಿನ್ನರಾಶಿಯ ರಗಳೆಯಿಲ್ಲ. ಇದೇ ಹೆಚ್ಚು ಜಾಣತನದ ದಾರಿ. 2013ರ ವಿಂಡೋಸ್ 8.1 ಒಂದೊಂದು ಮಾನಿಟರಿಗೂ ಹಿಗ್ಗಿಸುವ ಬೇರೆ ಪ್ರಮಾಣಕ್ಕೆ ಅವಕಾಶ ಕೊಟ್ಟಿತು. 2017ರಲ್ಲಿ ವಿಂಡೋಸ್ 10, ಕೆಲವು ಹಳೆಯ ತಂತ್ರಾಂಶಗಳ ಅಕ್ಷರವನ್ನು ಹಿಗ್ಗಿಸದೆ ಹೊಸದಾಗಿಯೇ ಬಿಡಿಸುವ ಆಯ್ಕೆಯನ್ನು ಅವುಗಳ ಪ್ರಾಪರ್ಟೀಸ್‌ನಲ್ಲಿ ಇರಿಸಿತು.