ಬಯಲ ಗೋಡೆಯ ಬರಹಗಾರರು

ಬಾದಾಮಿಯ ಗುಹೆಯಲ್ಲಿ ಅಳಿದುಳಿದ ವರ್ಣಲೇಪವನ್ನೂ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಭಿತ್ತಿಚಿತ್ರಗಳನ್ನೂ ಕುರಿತು ನಮ್ಮ ಕಲಾಚರಿತ್ರಕಾರರು ಆದರದಿಂದ ಬರೆದಿರುವರು. ಆದರೆ ಇಪ್ಪತ್ತನೆಯ ಶತಮಾನದುದ್ದಕ್ಕೂ ಪೇಟೆಯ ಗೋಡೆಗಳ ಮೇಲೆ, ಚಿತ್ರಮಂದಿರಗಳ ಮುಂದೆ, ಹೆದ್ದಾರಿಯ ಪಕ್ಕದ ಮನೆಗಳ ಹಿಂಬದಿಯಲ್ಲಿ ಆಳೆತ್ತರದ ಅಕ್ಷರಗಳನ್ನೂ ಅದಕ್ಕೂ ಮಿಗಿಲಾದ ಮುಖಗಳನ್ನೂ ಕೈಯಿಂದಲೇ ಬರೆದ ಪೇಂಟರುಗಳ ಕಸುಬು, ಕಲೆಯೆಂಬ ಗೌರವಕ್ಕೂ ಪಾತ್ರವಾಗದೆ, ದುಡಿಮೆಯೆಂಬ ರಕ್ಷಣೆಗೂ ಒಳಪಡದೆ, ನಡುವೆಯೇ ನಿಂತುಬಿಟ್ಟಿತು. ಈ ಕಸುಬು ಬೆಳೆದ ಬಗೆಯನ್ನೂ ಕುಗ್ಗಿದ ಬಗೆಯನ್ನೂ ಅರಿಯಬೇಕಾದರೆ ಈ ಅತಂತ್ರ ಸ್ಥಿತಿಯನ್ನು ಮೊದಲು ಮನಗಾಣಬೇಕು.

ಇದರ ಮೂಲವು ಬಹುಮಟ್ಟಿಗೆ ನಾಟಕದ ಕಂಪನಿಗಳ ಪರದೆಗಳಲ್ಲಿದೆ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯೇ ಮೊದಲಾದ ಮಂಡಳಿಗಳು ಅರಮನೆ, ಅರಣ್ಯ, ರಾಜಬೀದಿಗಳ ಪರದೆಗಳನ್ನು ಊರಿಂದೂರಿಗೆ ಹೊತ್ತು ತಿರುಗುತ್ತಿದ್ದ ಕಾಲದಲ್ಲಿ, ದೂರದಿಂದ ನೋಡುವ ಕಣ್ಣಿಗಾಗಿ ದೊಡ್ಡದಾಗಿ ಬರೆಯುವ ವಿದ್ಯೆ ಅಲ್ಲಿ ಪಳಗಿತು. ನೆರೆಯ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ (1890–1954) ಪರದೆ ಬರೆಯುವುದರಿಂದಲೇ ಆರಂಭಿಸಿ ಚಲಚ್ಚಿತ್ರ ನಿರ್ಮಾಣಕ್ಕೆ ತೊಡಗಿ, ತಮ್ಮ ಚಿತ್ರಗಳ ಭಿತ್ತಿಪತ್ರಗಳನ್ನು ತಾವೇ ರಚಿಸಿದರು. ಕಲಬುರಗಿಯಲ್ಲಿ 1916ರಲ್ಲಿ ಜನಿಸಿದ ಎಸ್. ಎಂ. ಪಂಡಿತರು ಮುಂಬಯಿಗೆ ಹೋಗಿ ಚಲಚ್ಚಿತ್ರ ಪ್ರಚಾರಕಲೆಯಲ್ಲಿ ಹೆಸರಾದರು, ಎಂ. ಎಫ್. ಹುಸೇನರು ಅದೇ ನಗರದಲ್ಲಿ ಸಿನಿಮಾ ಹಲಗೆಗಳನ್ನು ಬರೆದು ಜೀವನ ಸಾಗಿಸಿದ್ದು ಸರ್ವವಿದಿತ. ಹಲಗೆಯನ್ನು ಬಿಟ್ಟು ಗ್ಯಾಲರಿಗೆ ಹೋದ ಬಳಿಕವೇ ಹುಸೇನರಿಗೆ ಕಲಾವಿದರೆಂಬ ಮನ್ನಣೆ ದೊರೆತುದನ್ನೂ, ಹಲಗೆಯ ಬಳಿಯೇ ಉಳಿದ ಅಸಂಖ್ಯರು ಗೋಡೆಯ ಮೂಲೆಯಲ್ಲಿ ಬರೆದುಕೊಂಡ ‘ಆರ್ಟ್ಸ್’ ಎಂಬ ಸಣ್ಣ ಅಂಕಿತದ ಹೊರತು ಬೇರಾವ ಗುರುತನ್ನೂ ಪಡೆಯದೆ ಹೋದುದನ್ನೂ ನೆನೆದಾಗ ಮನಸ್ಸಿಗೆ ವ್ಯಥೆಯಾಗದಿರದು.

1934ರಲ್ಲಿ ‘ಸತಿ ಸುಲೋಚನ’ದೊಡನೆ ಕನ್ನಡ ವಾಕ್ಚಿತ್ರಗಳು ಆರಂಭವಾದ ಮೇಲೆ ಚಿತ್ರಮಂದಿರಗಳು ಹೆಚ್ಚಿದವು, ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಸರ್ವೆ ಮರದ ಗಳುಗಳಿಗೆ ಬಿಗಿದ ಪ್ಲೈವುಡ್ಡಿನ ಮೇಲೆ ರಾಜ್‌ಕುಮಾರರ ಕಟೌಟುಗಳು ಮಾಳಿಗೆಯನ್ನು ಮೀರಿ ನಿಂತವು. ಹಳ್ಳಿಗಳಲ್ಲಾದರೋ ಬೀಡಿ, ಸಾಬೂನು, ಸಿಮೆಂಟುಗಳ ಜಾಹೀರಾತುಗಳೂ, ಕುಟುಂಬ ಯೋಜನೆಯ ಕೆಂಪು ತ್ರಿಕೋನದೊಡನೆ ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂಬ ಘೋಷಣೆಯೂ ಗೋಡೆಗಳನ್ನು ತುಂಬಿದವು. ಶಾಲೆಗೆ ಹೋಗದ ಎಷ್ಟೋ ಮಂದಿಗೆ ನಿತ್ಯವೂ ಕಣ್ಣಿಗೆ ಬೀಳುತ್ತಿದ್ದ ಕನ್ನಡ ಬರಹವು ಇದೊಂದೇ ಆಗಿದ್ದಿರಬೇಕು.

ಕನ್ನಡವನ್ನು ಗೋಡೆಗೆ ಏರಿಸುವುದು ಸುಲಭಸಾಧ್ಯವಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಒಂದೇ ಎತ್ತರಕ್ಕೆ ನಿಲ್ಲುವವು. ನಮ್ಮ ಲಿಪಿಯಲ್ಲಾದರೆ ಮೇಲೆ ತಲೆಕಟ್ಟೂ ಗುಡಿಸೂ, ಬಲಕ್ಕೆ ದೀರ್ಘವೂ ಅರ್ಕಾವೊತ್ತೂ, ಕೆಳಗೆ ಒಂದರ ಮೇಲೊಂದು ಒತ್ತುಗಳೂ ತಮ್ಮ ತಮ್ಮ ಜಾಗವನ್ನು ಬೇಡುವವು. ‘ಸ್ವಾತಂತ್ರ್ಯ’ ಎಂಬ ಪದವನ್ನು ಬರೆಯಹೊರಟವನು ಕೊನೆಯ ಅಕ್ಷರದ ಎರಡು ಒತ್ತುಗಳಿಗೆ ಎಷ್ಟು ಎಡೆ ಬೇಕೆಂಬುದನ್ನು ಮೊದಲ ಅಕ್ಷರಕ್ಕೆ ಕುಂಚ ತಾಗಿಸುವ ಮುನ್ನವೇ ನಿಶ್ಚಯಿಸಿರಬೇಕು. ಇಲ್ಲವಾದರೆ ಕೆಳಸಾಲು ಇಕ್ಕಟ್ಟಾಗುವುದು. ಗೋಡೆಗೆ ಸುಣ್ಣ ಬಳಿದು ಒಣಗಿಸಿ, ನೀಲಿ ಸವರಿದ ದಾರವನ್ನು ಇಬ್ಬರು ಬಿಗಿಹಿಡಿದು ಮೀಟಿ ಗೆರೆ ಮೂಡಿಸಿ, ಸೀಮೆಸುಣ್ಣದಲ್ಲಿ ಅಕ್ಷರದ ಮೈಯನ್ನು ಗುರುತಿಸಿ, ಆನಂತರ ಚಪ್ಪಟೆ ಕುಂಚದಿಂದ ತುಂಬಿ, ಅಂಚು ಕಟ್ಟಿ, ಕೊನೆಗೆ ನೆರಳು ಕೊಡುವುದು ವಾಡಿಕೆ. ಮುಖಗಳನ್ನು ಬರೆಯುವಾಗ ಸಣ್ಣ ಛಾಯಾಚಿತ್ರದ ಮೇಲೆ ಚೌಕಳಿ ಎಳೆದು, ಅದೇ ಚೌಕಳಿಯನ್ನು ಹಲವು ಪಟ್ಟು ಹಿಗ್ಗಿಸಿ ಹಲಗೆಗೆ ಇಳಿಸುವರು. ಸಾರುವೆಯ ಮೇಲೆ ನಿಂತವನಿಗೆ ಕಾಣುವುದು ಬಣ್ಣದ ಒಂದು ತುಣುಕು ಮಾತ್ರ. ಕೆನ್ನೆಯ ಉಬ್ಬನ್ನಾಗಲಿ ಕಣ್ಣಿನ ಓರೆಯನ್ನಾಗಲಿ ಅವನು ಮನಸ್ಸಿನಲ್ಲಿಯೇ ಹಿಡಿದಿಟ್ಟುಕೊಂಡಿರಬೇಕು. ಕಲಿಕೆಯಾದರೂ ಗುರುವಿನ ಡಬ್ಬಿ ತೊಳೆಯುವುದರಿಂದ ಮೊದಲಾಗಿ, ವರ್ಷಗಳ ಮೇಲೆ ಗೆರೆಯವರೆಗೆ ಬರುತ್ತಿತ್ತು. ಇಂಥದನ್ನು ವಿದ್ಯೆಯೆನ್ನದೆ ಮತ್ತೇನೆನ್ನಬೇಕು?

ಕಷ್ಟಗಳಾದರೋ ಬಗೆಬಗೆಯವು. ಹಗ್ಗ ಕಟ್ಟಿದ ಬಿದಿರಿನ ಸಾರುವೆಯಿಂದ ಜಾರಿ ಬಿದ್ದವರಿಗೆ ದಿನಗೂಲಿಯ ಹೊರತು ಯಾವ ಭದ್ರತೆಯೂ ಇರುತ್ತಿರಲಿಲ್ಲ. ಮಲೆನಾಡು ಕರಾವಳಿಗಳಲ್ಲಿ ಮಳೆಗಾಲವೆಲ್ಲ ಕೆಲಸವಿಲ್ಲ. ಬೇಸಿಗೆಯಲ್ಲಿ ಕಾದ ಗೋಡೆಯೆದುರು ಬಿಸಿಲಿಗೆ ಬೆನ್ನೊಡ್ಡಿ ನಿಲ್ಲಬೇಕು. ದೂರಕ್ಕೆ ಎದ್ದು ಕಾಣಲೆಂದು ಆರಿಸಿಕೊಳ್ಳುವ ಹಳದಿ, ಕಿತ್ತಳೆ ಎನಾಮೆಲುಗಳಲ್ಲಿಯೇ ಸೀಸದ ಅಂಶ ಅಧಿಕವಾಗಿರುತ್ತಿತ್ತು. ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗಗಳನ್ನು ಮೀರಕೂಡದೆಂಬ ಕೇಂದ್ರದ ನಿಯಮವು 2016ರಲ್ಲಿ ಬರುವ ಹೊತ್ತಿಗೆ ಒಂದೆರಡು ತಲೆಮಾರುಗಳೇ ಆ ಬಣ್ಣವನ್ನು ಬರಿಗೈಯಲ್ಲಿ ಕಲಸಿ, ಟರ್ಪೆಂಟೈನಿನಿಂದ ಕೈ ತೊಳೆದು, ಅದರ ಆವಿಯನ್ನು ಉಸಿರಾಡಿ ಆಗಿತ್ತು.

ಅವನತಿಯು ಒಮ್ಮೆಗೇ ಬರಲಿಲ್ಲ. ಸಾರ್ವಜನಿಕ ಸ್ಥಳಗಳ ವಿರೂಪವನ್ನು ತಡೆಯುವ 1981ರ ರಾಜ್ಯ ಶಾಸನವೂ, 1990ರ ದಶಕದಲ್ಲಿ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಟಿ. ಎನ್. ಶೇಷನ್ನರು ಗೋಡೆಬರಹಕ್ಕೆ ಹಾಕಿದ ಕಡಿವಾಣವೂ ಚುನಾವಣೆಯ ಸುಗ್ಗಿಯನ್ನು ಕುಂದಿಸಿದವು. ಬಳಿಕ ಎರಡು ಸಾವಿರದ ಆಸುಪಾಸಿನಲ್ಲಿ ಬಂದ ಫ್ಲೆಕ್ಸು, ಹಲವು ಕೈಗಳು ಹಲವು ದಿನ ದುಡಿಯಬೇಕಿದ್ದ ಮುಖವನ್ನು ಒಂದೇ ರಾತ್ರಿಯಲ್ಲಿ ಅಚ್ಚುಹಾಕಿ ಕೊಟ್ಟಿತು. ಅದರ ಮುಂದೆ ಕುಂಚವು ಸೋತುದು ಅಂದದಲ್ಲಲ್ಲ. ಬೆಲೆಯಲ್ಲಿ ಮತ್ತು ವೇಗದಲ್ಲಿ. ರಾಜ್ಯದ 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸೂ ಸೇರಿತ್ತು. 2018ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯದ ಕಟ್ಟಪ್ಪಣೆಯಿಂದ ಬೆಂಗಳೂರಿನ ಬೀದಿಗಳಿಂದ ಅವುಗಳನ್ನು ತೆಗೆಸಲಾಯಿತು. ಆದರೂ ಆ ತೆರವಾದ ಜಾಗಕ್ಕೆ ಪೇಂಟರುಗಳನ್ನು ಮರಳಿ ಕರೆಯುವ ಯೋಚನೆ ಬಲಗೊಳ್ಳಲಿಲ್ಲ. ಇದಕ್ಕೂ ಮೊದಲು, 2009ರ ಹೊತ್ತಿಗೆ, ಬೆಂಗಳೂರಿನ ಪಾಲಿಕೆಯು ಹಳೆಯ ಬ್ಯಾನರ್ ಕಲಾವಿದರಿಂದ ನಗರದ ಗೋಡೆಗಳ ಮೇಲೆ ನಾಡಿನ ಚಿತ್ರಗಳನ್ನು ಬರೆಸಿದ್ದುದು ಒಂದು ಸ್ತುತ್ಯ ಪ್ರಯತ್ನ. ದೆಹಲಿಯ ಹನೀಫ್ ಕುರೇಶಿಯವರು 2024ರಲ್ಲಿ ತೀರಿಕೊಳ್ಳುವ ಮುನ್ನ ಬೀದಿಯ ಪೇಂಟರುಗಳ ಅಕ್ಷರಶೈಲಿಗಳನ್ನು ಕಂಪ್ಯೂಟರಿನ ಅಚ್ಚಕ್ಷರಗಳಾಗಿ ಸಂಗ್ರಹಿಸಿದುದು ಇನ್ನೂ ಮಿಗಿಲಾದ ಉಪಕಾರ. ಕನ್ನಡದ ಒತ್ತುಗಳನ್ನು ಗೋಡೆಯಲ್ಲಿ ಕೂರಿಸುವ ಕೈಗಳು ಇನ್ನೂ ಆಡುತ್ತಿರುವಾಗಲೇ ನಮ್ಮ ಕಲಾಶಾಲೆಗಳು ಅಂಥ ಸಂಗ್ರಹಕ್ಕೆ ಕೈಹಾಕಬೇಕು.

ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಶಾಸನವಾದಾಗ ಎಷ್ಟೋ ಹೊಸ ಹಲಗೆಗಳು ಬೇಕಾದವು. ಅವುಗಳಲ್ಲಿ ಬಹುಪಾಲು ಯಂತ್ರದಿಂದಲೇ ಸಿದ್ಧವಾದವು. ಪೇಂಟರುಗಳ ಪಾಲಿಗೆ ಈಗ ಉಳಿದಿರುವುದು ಲಾರಿಯ ಹಿಂಬದಿ, ಗ್ರಾಮಪಂಚಾಯಿತಿಯ ಸ್ವಚ್ಛತಾ ಘೋಷಣೆ, ಮತ್ತು ರೈಲಿನ ಡಬ್ಬಿಗಳಂತೆ ಬಣ್ಣ ಬಳಿದು ಭೂಪಟವನ್ನೂ ವರ್ಣಮಾಲೆಯನ್ನೂ ಬರೆಸುತ್ತಿರುವ ಸರ್ಕಾರಿ ಶಾಲೆಗಳ ಗೋಡೆಗಳು.