ಚುಕ್ಕಿ, ಸೊನ್ನೆ, ಗೀಟು

ಸಿಂಗಪುರದ ಪ್ರಾಥಮಿಕ ಶಾಲೆಯ ಮಗು ಇಂಗ್ಲಿಷ್ ವಾಕ್ಯದ ಕೊನೆಗೆ ಚುಕ್ಕಿ ಇಡುತ್ತದೆ. ಆಮೇಲೆ ಮಾತೃಭಾಷೆಯ ಪೀರಿಯಡ್. ಚೀನೀ ಕಲಿಯುವವರು ಅದೇ ಜಾಗದಲ್ಲಿ ಪುಟ್ಟ ಸೊನ್ನೆ ಸುತ್ತುತ್ತಾರೆ, ಹಿಂದಿಯವರು ಉದ್ದ ಗೀಟು ಎಳೆಯುತ್ತಾರೆ, ಮಲಯ ಮತ್ತು ತಮಿಳಿನವರು ಚುಕ್ಕಿಯನ್ನೇ ಮುಂದುವರಿಸುತ್ತಾರೆ. ಗೀಟು, ಸೊನ್ನೆ ಹಳೆಯವು; ಚುಕ್ಕಿ ಈ ಭಾಷೆಗಳ ಮನೆಗೆ ತಡವಾಗಿ ಬಂದ ನೆಂಟ. ಬಂದ ದಾರಿ ಅಚ್ಚುಮನೆ ಮತ್ತು ಪಾಠಶಾಲೆ.

ಸಿಂಗಪುರದಲ್ಲಿ ಆ ದಾರಿ ಬೆಂಜಮಿನ್ ಕೀಸ್‌ಬರಿ ಎಂಬ ಪಾದ್ರಿಯ ಅಂಗಳದಿಂದ ಹಾಯುತ್ತದೆ. ಹೈದರಾಬಾದಿನಲ್ಲಿ ಹುಟ್ಟಿದ ಈತ ಮಲಯ ಹುಡುಗರಿಗೆ ಶಾಲೆ ನಡೆಸಿದ, ಅವರಿಗೆ ಅಚ್ಚಿನ ಕೆಲಸವನ್ನೂ ಕಲಿಸಿದ. ಮಲಯ ಲೇಖಕ ಮುನ್ಶಿ ಅಬ್ದುಲ್ಲಾನ ಆತ್ಮಕಥೆ ‘ಹಿಕಾಯತ್ ಅಬ್ದುಲ್ಲಾ’ 1849ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದದ್ದು ಇವನ ಮುದ್ರಣಾಲಯದಿಂದಲೇ. ಮಲಾಕ್ಕಾದಲ್ಲಿ ಹುಟ್ಟಿದ ಅಬ್ದುಲ್ಲಾ ಬೆಳೆದದ್ದು ಅರಬ್ಬಿ ಲಿಪಿಯ ಮಲಯ ಹಸ್ತಪ್ರತಿಗಳ ನಡುವೆ. ಅಲ್ಲಿ ವಾಕ್ಯ ಎಲ್ಲಿ ಮುಗಿಯಿತೆಂದು ಹೇಳುವ ಗುರುತಿಲ್ಲ; ಹೊಸದು ಎಲ್ಲಿ ಶುರುವಾಯಿತೆಂದು ಹೇಳುವ ಪದಗಳಿವೆ. ‘ಮಕ’, ‘ಹತ್ತಾ’, ‘ಶಹದಾನ್’ ಎಂದೊಡನೆ ಓದುವವನು ಉಸಿರು ಹೊಸದಾಗಿ ಎಳೆದುಕೊಳ್ಳಬೇಕು. ಗಟ್ಟಿಯಾಗಿ ಓದಿ ಕೇಳಿಸುವ ಪುಸ್ತಕಕ್ಕೆ ಇಷ್ಟು ಸಾಕಿತ್ತು. ಒಬ್ಬನೇ ಕೂತು ಕಣ್ಣಲ್ಲಿ ಓದುವ ಶಾಲೆಯ ಹುಡುಗನಿಗೆ ಸಾಲದು.

ಇದೇ ಹೊತ್ತಿಗೆ ಮಂಗಳೂರಿನಲ್ಲೂ ಒಬ್ಬ ಪಾದ್ರಿ ಕಲ್ಲಚ್ಚು ತಿರುಗಿಸುತ್ತಿದ್ದ. ಹರ್ಮನ್ ಮೋಗ್ಲಿಂಗನ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಮರುವರ್ಷ ಬಳ್ಳಾರಿಗೆ ಹೋಗಿ ಮೊಳೆಯಚ್ಚು ಕಂಡಿತು. ಕಲ್ಲಚ್ಚು ಕೈಬರಹವನ್ನೇ ಪಡಿಮೂಡಿಸುವ ಯಂತ್ರ, ಹಾಗಾಗಿ ಲಿಪಿಕಾರನ ಹಳೆಯ ಅಭ್ಯಾಸಗಳೂ ಕಾಗದಕ್ಕೆ ಇಳಿಯಬಲ್ಲವು. ಮೊಳೆ ಜೋಡಿಸುವವನ ಪೆಟ್ಟಿಗೆಯಲ್ಲಿ ಮಾತ್ರ ಅಲ್ಪವಿರಾಮಕ್ಕೂ ಒಂದು ಖಾನೆ ಬೇಕು. ತಾಳೆಗರಿಯ ದಂಡ, ಅಂದರೆ ನಿಂತ ಗೀಟು, ಪದ್ಯಕ್ಕೆ ಉಳಿದುಕೊಂಡು ಕನ್ನಡ ಗದ್ಯ ಚುಕ್ಕಿಗೆ ಒಗ್ಗಿದ್ದು ಅಚ್ಚಿನ ಕಾಲದಲ್ಲೇ.

ಚೀನೀ ಕಥೆ ಇನ್ನೂ ಈಚಿನದು. ಹಳೆಯ ಪುಸ್ತಕಗಳಲ್ಲಿ ಓದುಗ ತಾನೇ ಕೆಂಪು ಶಾಯಿಯಲ್ಲಿ ನಿಲುಗಡೆ ಗುರುತು ಹಾಕಿಕೊಳ್ಳುತ್ತಿದ್ದ. ವಿದ್ಯಾರ್ಥಿಗೆ ಅದೇ ಒಂದು ಪರೀಕ್ಷೆ, ತಪ್ಪಿದ ಕಡೆ ಅರ್ಥವೂ ತಪ್ಪಿತು. 1919ರಲ್ಲಿ ವಿದ್ವಾಂಸ ಹು ಶಿ ಮತ್ತು ಜೊತೆಗಾರರು ಹೊಸ ಚಿಹ್ನೆಗಳ ಪಟ್ಟಿಯನ್ನು ಮುಂದಿಟ್ಟರು, 1920ರಲ್ಲಿ ಚೀನಾದ ಶಿಕ್ಷಣ ಇಲಾಖೆ ಒಪ್ಪಿ ಆದೇಶ ಹೊರಡಿಸಿತು. ಪಶ್ಚಿಮದಿಂದ ಬಹಳಷ್ಟು ತಂದರೂ ಪೂರ್ಣವಿರಾಮಕ್ಕೆ ಸೊನ್ನೆಯನ್ನೇ ಇಟ್ಟುಕೊಂಡರು. ವಾಕ್ಯದಲ್ಲಿ ಸಾಲಾಗಿ ಬರುವ ಹೆಸರುಗಳನ್ನು ಬಿಡಿಸಲು ಬೇರೆಯೇ ಒಂದು ಹನಿಯಾಕಾರದ ಚಿಹ್ನೆ ಇದೆ. ಸಿಂಗಪುರದ ಮಗು ಚೌಕುಳಿ ಹಾಳೆಯಲ್ಲಿ ಪ್ರಬಂಧ ಬರೆಯುವಾಗ ಒಂದಕ್ಷರಕ್ಕೆ ಒಂದು ಮನೆ, ವಿರಾಮಕ್ಕೂ ಒಂದು ಮನೆ. ಸಾಲಿನ ಮೊದಲ ಮನೆಯಲ್ಲಿ ಅಲ್ಪವಿರಾಮವಾಗಲಿ ಪೂರ್ಣವಿರಾಮವಾಗಲಿ ಕೂರುವಂತಿಲ್ಲ. ಉಸಿರಿಗೂ ಇಲ್ಲಿ ಕಟ್ಟುನಿಟ್ಟಾಗಿ ಜಾಗ ಅಳೆದುಕೊಟ್ಟಿದೆ.

ತಮಿಳು ಮಗುವಿಗೆ ಚುಕ್ಕಿಯ ಪಾಠ ಎರಡು ಸಲ. ಅಕ್ಷರದ ತಲೆಯ ಮೇಲಿನ ‘ಪುಳ್ಳಿ’ ಸ್ವರವಿಲ್ಲದ ವ್ಯಂಜನವನ್ನು ತೋರಿಸುತ್ತದೆ, ಸಾಲಿನ ಕೊನೆಯದು ವಾಕ್ಯವನ್ನು ಮುಗಿಸುತ್ತದೆ. ಓಲೆಗರಿಯ ಕಾಲದಲ್ಲಿ ಎರಡಕ್ಕೂ ಕಷ್ಟವಿತ್ತು: ಗರಿ ತೂತಾದೀತೆಂದು ಲಿಪಿಕಾರರು ಪುಳ್ಳಿಯನ್ನೇ ಬಿಟ್ಟು ಬರೆಯುತ್ತಿದ್ದುದುಂಟು.

ಸಿಂಗಪುರದಲ್ಲಿ 1966ರಿಂದ ಪ್ರೌಢಶಾಲೆಯಲ್ಲೂ ಎರಡನೇ ಭಾಷೆ ಕಡ್ಡಾಯವಾಯಿತು, 1987ರ ಹೊತ್ತಿಗೆ ಎಲ್ಲ ಶಾಲೆಗಳ ಮಾಧ್ಯಮ ಇಂಗ್ಲಿಷ್ ಆಯಿತು. ಅಲ್ಲಿಂದ ವಿರಾಮಚಿಹ್ನೆಯ ಮೊದಲ ಪಾಠ ಎಲ್ಲರಿಗೂ ಇಂಗ್ಲಿಷಿನದೇ. ಆರನೇ ತರಗತಿಯ ಪಿಎಸ್‌ಎಲ್‌ಇ ಪರೀಕ್ಷೆಯ ಇಂಗ್ಲಿಷಿನಲ್ಲಿ ಇಬ್ಬರ ಮಾತನ್ನು ಉದ್ಧರಣ ಚಿಹ್ನೆಯಿಂದ ಹೊರತೆಗೆದು ವರದಿಯ ರೂಪಕ್ಕೆ ತಿರುಗಿಸುವ ಪ್ರಶ್ನೆಗಳು ಟ್ಯೂಷನ್ ಮೇಷ್ಟರುಗಳ ಅನ್ನದ ದಾರಿಯೂ ಹೌದು.

ಕನ್ನಡಕ್ಕೆ ಈ ಪಠ್ಯಕ್ರಮದಲ್ಲಿ ಜಾಗವಿಲ್ಲ. ತಮಿಳಿನ ಹೊರತಾಗಿ ಅಲ್ಲಿ ಮಾನ್ಯವಾದ ಭಾರತೀಯ ಭಾಷೆಗಳು ಐದು: ಬಂಗಾಳಿ, ಗುಜರಾತಿ, ಹಿಂದಿ, ಪಂಜಾಬಿ, ಉರ್ದು. ಕನ್ನಡದ ಮನೆಯ ಮಕ್ಕಳು ಹಿಂದಿಯನ್ನೋ ತಮಿಳನ್ನೋ ಆರಿಸಿಕೊಳ್ಳುತ್ತಾರೆ. 1996ರಲ್ಲಿ ಆರಂಭವಾದ ಸಿಂಗಪುರದ ಕನ್ನಡ ಸಂಘ ಆಸಕ್ತರಿಗೆ ತರಗತಿ ನಡೆಸುತ್ತ ಬಂದಿದೆ. ಅಲ್ಲಿಗೆ ಬರುವ ಮಗು ಇಂಗ್ಲಿಷ್ ಚುಕ್ಕಿಯನ್ನು, ಹಿಂದಿ ಆರಿಸಿಕೊಂಡಿದ್ದರೆ ಗೀಟನ್ನೂ ಬಲ್ಲದ್ದಾಗಿರುತ್ತದೆ. ಕನ್ನಡ ವಾಕ್ಯಕ್ಕೆ ಎರಡೂ ಅಷ್ಟೇನೂ ಬೇಡ ಎನ್ನಬಹುದು: ಕ್ರಿಯಾಪದ ಬಂತೆಂದರೆ ವಾಕ್ಯ ಮುಗಿಯಿತು, ‘ಬಂದೆಯಾ’ ಎಂದಾಗ ಪ್ರಶ್ನೆ ಅದರೊಳಗೇ ಇದೆ, ಬೇರೆಯವರ ಮಾತು ಮುಗಿದದ್ದನ್ನು ‘ಅಂತ’ ಹೇಳಿಬಿಡುತ್ತದೆ. ಆದರೆ ಆ ಮಾತು ಶುರುವಾದದ್ದು ಎಲ್ಲಿ? ಅಕ್ಕ ಬಾ ಅಂದಳು ಎಂದು ಮಗು ಬರೆದರೆ ಕರೆದವಳು ಅಕ್ಕನೋ, ಕರೆಸಿಕೊಂಡವಳು ಅಕ್ಕನೋ ತಿಳಿಯದು. ಅಕ್ಕ, “ಬಾ” ಅಂದಳು ಎಂದು ಬರೆದರೆ ಒಂದು ಕಥೆ. “ಅಕ್ಕ, ಬಾ” ಅಂದಳು ಎಂದರೆ ಇನ್ನೊಂದು.